ಶೈಲಜಾ ಅವರ ಮೂರನೆಯ ಸ್ಕ್ಯಾನ್

ಶೈಲಜಾ ಮೂರನೆಯ ಸ್ಕ್ಯಾನ್‌ಗೆ ಬರಲಿಲ್ಲ ಎಂದು ನಾನು ವೈದ್ಯರಿಗೆ ಬರೆದದ್ದು ಸುಳ್ಳು. ಅವರು ಬಂದಿದ್ದರು. ಸ್ಕ್ಯಾನ್ ಮಾಡಿಸಿಕೊಳ್ಳದೆ ಎದ್ದು ಹೋಗುವಂತೆ ಮಾಡಿದವನು ನಾನು.

ನಾನು ಚಳ್ಳಕೆರೆಯ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಟೆಕ್ನಿಷಿಯನ್. ಶೈಲಜಾ ಮೊಳಕಾಲ್ಮೂರಿನವರು, ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಾರೆ. ಹುಟ್ಟಿದಾಗ ಗಂಡೆಂದು ಊರು ತಿಳಿದಿತ್ತು. ಅವರು ಹೆಣ್ಣಾಗಿ ಬದುಕುತ್ತಿದ್ದರು. ಮುಖ ಹೆಣ್ಣಿನಂತೆ ಕಾಣಲೆಂದು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು — ಹುಬ್ಬಿನ ಮೇಲೆ ಉಬ್ಬಿದ ಮೂಳೆಯನ್ನು ಬಿಡಿಸಿ, ತಗ್ಗಿಸಿ, ಮತ್ತೆ ಕೂರಿಸುವುದು. ದವಡೆಯ ಮೂಲೆಗಳನ್ನು ತೇಯುವುದು. ಆಮೇಲೆ ಆ ಮೂಳೆ ಕೂಡಿಕೊಳ್ಳುತ್ತಿದೆಯೇ, ಸವೆಯುತ್ತಿದೆಯೇ ಎಂದು ಆಗಾಗ ಅಳೆಯಬೇಕು. ಬೆಂಗಳೂರು ದೂರವೆಂದು ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನವೇ ಅವರು ಕೇಳಿಕೊಂಡಿದ್ದರು: "ಸಾರ್, ಆಧಾರ್‌ನಾಗೆ ಇನ್ನೂ ಹಳೇ ಹೆಸ್ರೇ ಐತೆ. ಕರೆಯೋವಾಗ ಶೈಲಜಾ ಅನ್ರಿ, ಅಷ್ಟು ಸಾಕು."

"ಆಯ್ತಮ್ಮ" ಎಂದಿದ್ದೆ. ಎರಡು ಬಾರಿ ಹಾಗೆಯೇ ಕರೆದೆ ಕೂಡ. ಎರಡನೆಯ ಸ್ಕ್ಯಾನಿನಲ್ಲಿ ಎಡಹುಬ್ಬಿನ ಮೇಲೆ ಮೂಳೆ ತೆಳುವಾಗಿತ್ತು. ಆರು ತಿಂಗಳಿಗೆ ಮತ್ತೆ ನೋಡಲೇಬೇಕು ಎಂದರು ಬೆಂಗಳೂರಿನ ವೈದ್ಯರು.

ಮೂರನೆಯ ಸಲ ಶೈಲಜಾ ತಾಯಿಯೊಂದಿಗೆ ಬಂದರು. ಹೊರಗಿನ ಬೆಂಚುಗಳು ತುಂಬಿದ್ದವು. ನನ್ನ ಪರಿಚಯದ ಸೀರೆ ವ್ಯಾಪಾರಿಯೊಬ್ಬ ಕೌಂಟರಿಗೆ ಒರಗಿ ನಿಂತಿದ್ದ. ಶೈಲಜಾ ಅವರತ್ತ ನೋಡಿ ಕೇಳಿದ, "ಲೇ, ಅದು ಗಂಡಾ ಹೆಣ್ಣಾ?"

ನಾನು ಆಧಾರ್ ಪ್ರತಿ ಎತ್ತಿಕೊಂಡು ಅವರ ಹಳೆಯ ಹೆಸರನ್ನು, ತಂದೆಯ ಹೆಸರಿನ ಸಮೇತ, ಗಟ್ಟಿಯಾಗಿ ಕೂಗಿದೆ. ಮರೆತು ಅಲ್ಲ — ಆ ಮನುಷ್ಯ ನಗಲಿ ಎಂದೇ. ಅವನು ನಕ್ಕ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಶೈಲಜಾ ಏಳಲಿಲ್ಲ. ನಾನು ಇನ್ನೊಮ್ಮೆ ಕೂಗಿದೆ. ಆ ಎರಡನೆಯ ಕೂಗು... ಅದಕ್ಕೆ ಏನೆಂದು ಹೇಳಲಿ.

"ನಡಿಯವ್ವ, ಮನೆಗೆ ಹೋಗಾನ" ಎಂದು ತಾಯಿ ಮಗಳ ಕೈ ಹಿಡಿದು ಎಬ್ಬಿಸಿದರು. ಸಂಜೆ ನಾನು 'ಬರಲಿಲ್ಲ' ಎಂದು ವರದಿ ಕಳಿಸಿದೆ.

ಮೊಳಕಾಲ್ಮೂರಿಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಅವರು ಮಗ್ಗದ ಮುಂದೆ ಕೂತಿದ್ದರು. ಎಡಹುಬ್ಬಿನ ಮೇಲೆ ಬೆರಳ ತುದಿ ಕೂರುವಷ್ಟು ಕುಳಿ — ಅದನ್ನು ಕಾಣಲು ಯಂತ್ರ ಬೇಕಿರಲಿಲ್ಲ. ಮಾಡಿದ್ದನ್ನೂ ಬರೆದದ್ದನ್ನೂ ಹೇಳಿ ಕ್ಷಮೆ ಕೇಳಿದೆ. ಸ್ಕ್ಯಾನ್ ಮಾಡಿಸಲೇಬೇಕು, ಬನ್ನಿ ಎಂದೆ.

"ಅಲ್ಲಿ ಈಗ್ಲೂ ನೀವೇ ಇರೋದಾ?"

"ಹೌದು."

"ಹಂಗಾದ್ರೆ ಬರಲ್ಲ ಸಾರ್." ಲಾಳಿಯನ್ನು ಮತ್ತೆ ಕೈಗೆತ್ತಿಕೊಂಡರು.

ಮರುದಿನವೇ ವೈದ್ಯರಿಗೆ ನಿಜ ತಿಳಿಸಿದೆ. ಅವರೇ ಶೈಲಜಾ ಅವರಿಗೆ ಚಿತ್ರದುರ್ಗದಲ್ಲಿ ಬೇರೆಯವರಿಂದ ಅಳತೆ ಮಾಡಿಸಿದರಂತೆ. ವರದಿಯನ್ನು ನನಗೆ ತೋರಿಸಬಾರದು ಎಂದು ಶೈಲಜಾ ಹೇಳಿದ್ದಾರೆ. ಮೂಳೆ ಇನ್ನೂ ಸವೆಯುತ್ತಿದೆಯೋ, ಅಲ್ಲಿಗೇ ನಿಂತಿದೆಯೋ — ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ.