ಗೋಂದಕ್ಕನೂ ಸೋರುವ ಟಾಪೂ

ನನ್ನ ಹೆಂಡತಿಯನ್ನು ಗ್ಯಾರೇಜಿನವರೆಲ್ಲ ಕರೆಯುತ್ತಿದ್ದದ್ದು ಗೋಂದಕ್ಕ ಅಂತ. ಕಾರಿನ ಬಾಗಿಲಿನ ರಬ್ಬರು, ಗಾಜಿನ ಸುತ್ತಲಿನ ಬೀಡಿಂಗು, ಸೀಟಿನ ಹೊದಿಕೆ, ಒಳಗಿನ ಬಟ್ಟೆ, ಹೀಗೆ ಅಂಟಿಸುವುದು ಹೊಲಿಯುವುದು ಏನಿದ್ದರೂ ಅವಳ ಪಾಲಿಗೆ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದಳು. ಸಂಜೆ ಅವಳಿಗಿಂತ ಮೊದಲು ಅಂಟಿನ ವಾಸನೆ ಮನೆಯೊಳಗೆ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅದರಿಂದ ನನಗೆ ತಲೆನೋವು. ಆಮೇಲಾಮೇಲೆ ಅವಳು ರಜೆ ಹಾಕಿದ ದಿನ ಮನೆ ಮನೆಯಂತೆಯೇ ಅನ್ನಿಸುತ್ತಿರಲಿಲ್ಲ.

ನಾನು ಶಾಲೆಯ ವ್ಯಾನ್ ಓಡಿಸುವವನು. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಒಯ್ದು ಹೊತ್ತಿಗೆ ಸರಿಯಾಗಿ ತಂದರೆ ಮುಗಿಯಿತು, ಅದಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ. ಅವಳ ಕೆಲಸ ಹಾಗಲ್ಲ. ಅವಳು ರಬ್ಬರು ಹಾಕಿದ ಬಾಗಿಲು ಮುಚ್ಚಿದರೆ ಮೆತ್ತಗೆ ಒಂದೇ ಸದ್ದು. ಆ ಸದ್ದಿಗೋಸ್ಕರ ಗಿರಾಕಿಗಳು ಸುಮ್ಮಸುಮ್ಮನೆ ಎರಡು ಸಲ ಬಾಗಿಲು ತೆಗೆದು ಮುಚ್ಚುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕೋಪ ಮಾತ್ರ ಅವಳಿಗೆ ಮೂಗಿನ ತುದಿಯಲ್ಲಿ. ಇದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೆಂಡತಿಯನ್ನು ಹೊಗಳುವುದಕ್ಕೇ ಕೂತಿದ್ದಾನೆ ಅಂತೀರಿ.

ಅಂಥವಳು ಒಂದು ದಿನ ಕೆಲಸ ಬಿಟ್ಟು ಬಂದು ಮನೆಯಲ್ಲಿ ಕೂತಳು. ಅದಕ್ಕೆ ಕಾರಣ ಹಲ್ಲಿನ ಡಾಕ್ಟರಮ್ಮನ ಕಾರು.

ಆ ಕಾರು ಡಾಕ್ಟರಮ್ಮನ ತಂದೆಯ ಕಾಲದ್ದು. ಕೆಂಪು ಬಣ್ಣ, ಇಬ್ಬರಿಗೇ ಜಾಗ, ನೆಲ ಸವರಿಕೊಂಡು ಹೋಗುವಷ್ಟು ತಗ್ಗು. ಅದರ ಟಾಪು ಬಿಚ್ಚಿಡುವಂಥದ್ದು. ನಡುವೆ ಒಂದು ಪಟ್ಟಿ, ಅದರ ಎಡಕ್ಕೊಂದು ಬಲಕ್ಕೊಂದು ಗಾಜಿನ ಹಲಗೆ. ಒಳಗಿನ ಹಿಡಿ ತಿರುಗಿಸಿದರೆ ಹಲಗೆಗಳನ್ನು ತೆಗೆದು ಸೀಟಿನ ಹಿಂದೆ ಇಟ್ಟುಕೊಂಡು ನೆತ್ತಿಗೆ ಗಾಳಿ ಹೊಡೆಸಿಕೊಳ್ಳುತ್ತಾ ಹೋಗಬಹುದು. ಹಲಗೆಗಳ ಸುತ್ತಲಿನ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಗೋಂದಕ್ಕ ಹಳೆಯದನ್ನು ಕೆರೆದು ತೆಗೆದು, ಹೊಸ ರಬ್ಬರು ಹಾಕಿ ಕೊಟ್ಟಳು. ಮೂರನೇ ದಿನ ಜೋರು ಮಳೆ. ಡಾಕ್ಟರಮ್ಮ ತಮ್ಮ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದರು. ಅತ್ತೆಯವರು ಆಗತಾನೇ ಪಾರ್ಲರಿನಲ್ಲಿ ಕೂದಲು ಮಾಡಿಸಿಕೊಂಡು ಬಂದಿದ್ದರಂತೆ. ನೀರು ನೇರವಾಗಿ ಅವರ ತಲೆಯ ಮೇಲೇ ಇಳಿಯಿತು.

ಡಾಕ್ಟರಮ್ಮ ಗ್ಯಾರೇಜಿಗೆ ಬಂದು ಕೂಗಾಡಿದರು. ಅದು ಬಿಡಿ, ಯಾರಾದರೂ ಕೂಗಾಡುತ್ತಾರೆ. ಅವರು ಹೋದ ಮೇಲೆ ಗ್ಯಾರೇಜಿನ ಮೇಸ್ತ್ರಿ ಎಲ್ಲರೆದುರಿಗೆ ಅಂದ ಮಾತು ಬೇರೆ.

"ರಬ್ಬರ್ ಎಳೆದು ಅಂಟಿಸಿದ್ದೀಯಲ್ಲಮ್ಮ. ಇಷ್ಟು ವರ್ಷ ಆದ್ಮೇಲೂ ಇದನ್ನ ಹೇಳ್ಕೊಡ್ಬೇಕಾ? ನಿನ್ನ ಕೈ ಕೆಟ್ಟಿದೆ ಬಿಡು."

ರಬ್ಬರನ್ನು ಎಳೆದು ಅಂಟಿಸಿದರೆ ಎರಡು ದಿನದಲ್ಲಿ ಅದು ಮತ್ತೆ ಕುಗ್ಗಿ ಮೂಲೆಗಳು ಬಿಟ್ಟುಕೊಳ್ಳುತ್ತವೆ. ಈ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಕಲಿಸುವ ಪಾಠ ಇದು. ಒಳ್ಳೆಯ ಅಡಿಗೆಯವಳಿಗೆ ನಿನಗೆ ಒಲೆ ಹಚ್ಚಲು ಬರುವುದಿಲ್ಲ ಅಂದ ಹಾಗಾಯಿತು. ಅವಳು ಎಳೆದಿರಲಿಲ್ಲ. ಎಳೆಯುವವಳೇ ಅಲ್ಲ, ಒಂದು ಬೆರಳು ಹೆಚ್ಚೇ ಉದ್ದ ಬಿಟ್ಟು, ಒಳಕ್ಕೆ ಒತ್ತುತ್ತಾ ಒತ್ತುತ್ತಾ ಅಂಟಿಸುವವಳು. ಆದರೆ ನೀರು ಸೋರಿದ್ದಂತೂ ನಿಜ. ಕತ್ತರಿ, ಸೂಜಿ, ಕೆರೆಯುವ ಪಟ್ಟಿ ಎಲ್ಲ ಚೀಲಕ್ಕೆ ತುಂಬಿಕೊಂಡು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಒಂದೂವರೆ ವರ್ಷ ಮನೆಯಲ್ಲಿ ಕೂತು ಅವರಿವರ ಸೋಫಾಗಳಿಗೆ ದಿಂಬಿನ ಚೀಲ ಹೊಲಿದಳು. ಪಾತ್ರೆ ತೊಳೆಯುವಾಗೆಲ್ಲ ಮೇಸ್ತ್ರಿಗೆ ಬೈಗುಳ. "ನೀವು ಮೇಸ್ತ್ರಿಯಾಗೋ ಮೊದ್ಲೇ ನಾನು ರಬ್ಬರ್ ಹಿಡಿದವಳು" ಅಂತ ಶುರುವಾಗಿ, ಪಾತ್ರೆ ಮುಗಿಯುವವರೆಗೆ ಹೋಗುತ್ತಿತ್ತು. ಕೇಳಿ ಕೇಳಿ ನನಗೆ ಬಾಯಿಪಾಠ ಆಗಿಹೋಗಿತ್ತು. ನನ್ನ ಅಮ್ಮ ಮಾತ್ರ, "ಬೈಯೋದಾದ್ರೆ ಹೋಗಿ ಅವನ ಮುಖಕ್ಕೇ ಬೈಯಮ್ಮ, ನನ್ನ ಪಾತ್ರೆಗಳು ಏನ್ ಮಾಡಿದ್ವು?" ಅನ್ನುತ್ತಿದ್ದಳು. ನಗುತ್ತಿದ್ದೆವು, ಆದರೆ ನನಗೆ ಸಂಕಟ ಆಗುತ್ತಿತ್ತು. ಬೈಯುತ್ತಾ ಬೈಯುತ್ತಾ ಅವಳು ನಡುವೆ ನಿಲ್ಲಿಸಿ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಮೇಸ್ತ್ರಿ ಹೇಳಿದ್ದು ನಿಜವಿರಬಹುದೇ ಅಂತ ಅವಳಿಗೇ ಅನುಮಾನ ಹತ್ತಿತ್ತು.

ಒಂದು ಬೆಳಿಗ್ಗೆ ಮನೆಯ ಮುಂದೆ ಅದೇ ಕೆಂಪು ಕಾರು ಬಂದು ನಿಂತಿತು. ಡಾಕ್ಟರಮ್ಮ ಇಳಿದರು. ಹೊರಗೆ ಬಂದ ನನ್ನ ಹೆಂಡತಿ ಕಾರನ್ನು ನೋಡಿ ಅಲ್ಲೇ ನಿಂತಳು.

"ಆವತ್ತು ನಾನು ಕೂಗಾಡಿದ್ದು ಹೆಚ್ಚಾಯ್ತು, ಬೇಜಾರು ಮಾಡ್ಕೋಬೇಡಿ ಅಕ್ಕ," ಅಂದರು ಡಾಕ್ಟರಮ್ಮ. "ನಿಮ್ಮ ನಂತರ ಇನ್ನೂ ಎರಡು ಗ್ಯಾರೇಜಿನವರು ನೋಡಿದ್ರು. ಇನ್ನೂ ಜಾಸ್ತಿ ಸೋರ್ತು. ಕೊನೆಯವನು ತಗಡು ಹಾಕಿ ಬೆಸುಗೆ ಮಾಡ್ಬಿಡೋಣ ಅಂದ. ಅಪ್ಪ ನನಗೆ ಡ್ರೈವಿಂಗ್ ಕಲಿಸಿದ್ದು ಈ ಕಾರಲ್ಲಿ, ಟಾಪ್ ಬಿಚ್ಚಿಟ್ಟು. ಅದಕ್ಕೆ ತಗಡು ಹೊಡೆಸೋಕೆ ಮನಸ್ಸು ಬರ್ತಿಲ್ಲ."

ಹೆಂಡತಿ ಕಾರಿನ ಹತ್ತಿರ ಬಂದಳು. ಹಲಗೆಯ ಅಂಚಿನ ಮೇಲೆ ಬೆರಳಾಡಿಸಿದಳು. ಯಾರೋ ಪುಣ್ಯಾತ್ಮ ಸುತ್ತಲೂ ಸಿಲಿಕಾನ್ ಅಂಟು ಮೆತ್ತಿ ಗೋಡೆಗೆ ಗಾರೆ ಮಾಡಿದ ಹಾಗೆ ಮಾಡಿದ್ದ. ಅದನ್ನು ನೋಡಿ ಅವಳ ಮೂಗು ಕೆಂಪಾಯಿತು. ಸದ್ಯ, ಕೋಪ ಬಂತಲ್ಲ ಅಂತ ನನಗೆ ಜೀವ ಬಂತು.

"ಬಿಟ್ಟೋಗಿ ಮೇಡಂ," ಅಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಇದು ಇನ್ನೊಂದ್ಸಲ ಸೋರಿದ್ರೆ ಮೇಸ್ತ್ರಿ ಮಾತೇ ಸರಿ ಅಂತ ಒಪ್ಕೊಂಡು ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ ರೀ. ಆಮೇಲೆ ಆ ಸೂಜಿಯನ್ನೂ ಮುಟ್ಟಲ್ಲ" ಅಂದಳು. ತಮಾಷೆಗೆ ಹೇಳಿದ್ದಲ್ಲ.

ನಮ್ಮ ಮನೆಯ ಪಕ್ಕ ಒಂದು ಶೆಡ್ಡಿದೆ. ವ್ಯಾನು ಹಿಂದೆ, ಕಾರು ಮುಂದೆ. ಕಾರು ತೀರಾ ತಗ್ಗಾದ್ದರಿಂದ ಟಾಪಿನ ಕೆಲಸಕ್ಕೆ ಸೊಂಟ ಬಗ್ಗಿಸಿ ನಿಲ್ಲಬೇಕು. ಗ್ಯಾರೇಜಿನಲ್ಲಾದರೆ ಲಿಫ್ಟಿನ ಮೇಲೆ ನಿಲ್ಲಿಸಿ ಎದೆಮಟ್ಟಕ್ಕೆ ಎತ್ತಿಕೊಳ್ಳುತ್ತಾರೆ. ನಮ್ಮಲ್ಲಿ ಲಿಫ್ಟ್ ಎಲ್ಲಿಂದ ಬರಬೇಕು? ಜಾಕು ಕೊಟ್ಟು ಎತ್ತಿ, ಹೊಟ್ಟೆಯ ಕೆಳಗೆ ನಾಲ್ಕು ಕಬ್ಬಿಣದ ಸ್ಟ್ಯಾಂಡು ಇಟ್ಟು ನಿಲ್ಲಿಸಿದೆ. ಅವಳು ಎರಡು ದಿನ ಸಿಲಿಕಾನ್ ಕೆರೆದಳು, ಒಂದು ದಿನ ಥಿನ್ನರ್ ಹಾಕಿ ಒರೆಸಿದಳು. ಆಮೇಲೆ ರಬ್ಬರು. ಅಂಟು ಒಣಗಿದ ಮೇಲೆ ಸುತ್ತಲೂ ಹನ್ನೆರಡು ಕಾಗದದ ಚೀಟಿ ಇಟ್ಟು ಹಲಗೆ ಮುಚ್ಚಿದಳು. ಚೀಟಿ ಎಳೆದಾಗ ಸುಲಭಕ್ಕೆ ಬಂದರೆ ಅಲ್ಲಿ ನೀರು ಹೋಗುತ್ತದೆ ಅಂತ ಅರ್ಥ, ಅದು ಅವಳು ಪರೀಕ್ಷೆ ಮಾಡುವ ರೀತಿ. ಒಂದೂ ಅಲ್ಲಾಡಲಿಲ್ಲ.

"ಅಬ್ಬಾ, ಗೆದ್ದೆ ಬಿಡು," ಅಂದೆ.

"ಆವತ್ತೂ ಹೀಗೇ ಬಿಗಿಯಾಗಿತ್ತು," ಅಂದಳು ಅವಳು, ಮುಖ ಸಣ್ಣದು ಮಾಡಿಕೊಂಡು. "ಹನ್ನೆರಡೂ ಗಟ್ಟಿ. ಆದ್ರೂ ಸೋರ್ತಲ್ಲ."

ಮಧ್ಯಾಹ್ನ ಶಾಲೆ ಬಿಡುವ ಹೊತ್ತಾಯಿತು. ವ್ಯಾನು ಹೊರಗೆ ಬರಬೇಕಾದರೆ ಪ್ರತಿ ಸಲವೂ ಕಾರನ್ನು ಇಳಿಸಿ ಮುಂದಕ್ಕೆ ತಳ್ಳಬೇಕು. ನಾನು ಗೊಣಗುತ್ತಾ ಸ್ಟ್ಯಾಂಡು ತೆಗೆದು ಜಾಕು ಇಳಿಸಿದೆ. ಚಕ್ರಗಳು ನೆಲಕ್ಕೆ ತಾಗಿ, ಕಾರು ಒಂದು ಸಲ ಕುಲುಕಿ ನಿಂತಿತು. ಆಗ ಹೊರಮೂಲೆಯ ಒಂದು ಚೀಟಿ ತಾನಾಗಿಯೇ ಜಾರಿ ಕೆಳಗೆ ಬಿತ್ತು. ಹಿಂದೆಯೇ ಇನ್ನೊಂದು.

"ಏನೇ, ನಿನ್ನ ಚೀಟಿ ಉದುರ್ತಾ ಇವೆ ನೋಡು," ಅಂದೆ.

ಅವಳು ನೋಡಿದಳು. ಚೀಟಿ ನೋಡಿದಳು, ಚಕ್ರ ನೋಡಿದಳು, ಜಾಕು ನೋಡಿದಳು. ಆಮೇಲೆ ಕಿರುಚಿದಳು: "ರೀ, ಮತ್ತೆ ಎತ್ತಿ!"

"ಮಕ್ಕಳು ಕಾಯ್ತಾ ಇರ್ತಾರೆ ಮಾರಾಯ್ತಿ!"

"ಕಾಯ್ಲಿ, ಎತ್ತಿ ಅಂದ್ರೆ!"

ಎತ್ತಿದೆ. ಅವಳು ಹಲಗೆ ತೆಗೆದು, ಒಂದು ಮರದ ಕಡ್ಡಿಯನ್ನು ಹಲಗೆ ಕೂರುವ ಬಾಯಿಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಸರಿಯಾಗಿ ಕೂರುವ ಹಾಗೆ ಕತ್ತರಿಸಿದಳು. ಕಡ್ಡಿ ತೆಗೆದು, ಇಳಿಸಿ ಅಂದಳು. ಇಳಿಸಿದೆ. ಈಗ ಅದೇ ಕಡ್ಡಿ ಒಳಗೆ ಹೋಗಲೇ ಇಲ್ಲ. ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಉದ್ದವಾಗಿಬಿಟ್ಟಿತ್ತು. ಕಡ್ಡಿ ಬೆಳೆದಿರಲಿಲ್ಲ, ಕಾರಿನ ಬಾಯಿ ಕಿರಿದಾಗಿತ್ತು. ಮೇಲ್ಭಾಗ ಕತ್ತರಿಸಿದ ರಟ್ಟಿನ ಡಬ್ಬಿ ಹೇಗೆ ಹಿಡಿದ ಕಡೆ ಬಾಗುತ್ತದೋ ಹಾಗೆ. ಹೊಟ್ಟೆ ಹಿಡಿದು ಎತ್ತಿದರೆ ಎರಡು ತುದಿ ಜೋತು ಮೇಲಿನ ಬಾಯಿ ಅಗಲವಾಗುತ್ತಿತ್ತು. ಚಕ್ರದ ಮೇಲೆ ನಿಂತರೆ ಹೊಟ್ಟೆ ಇಳಿದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಎತ್ತಿದಾಗ ಹೊಂದಿಸಿದ ಹಲಗೆ ಇಳಿಸಿದಾಗ ಇಕ್ಕಟ್ಟಾಗಿ, ಹೊರಮೂಲೆ ಮೇಲೇಳುತ್ತಿತ್ತು. ಟಾಪು ಗಟ್ಟಿಯಾಗಿರುವ ಕಾರುಗಳಲ್ಲಿ ಈ ತಾಪತ್ರಯವೇ ಇಲ್ಲ, ಹಾಗಾಗಿ ಯಾರಿಗೂ ಹೊಳೆದಿರಲಿಲ್ಲ. ಸೊಂಟ ಉಳಿಸಿಕೊಳ್ಳುವುದಕ್ಕೆ ಮೂರು ಗ್ಯಾರೇಜಿನವರೂ ಎತ್ತಿದ್ದೇ ಎತ್ತಿದ್ದು.

ನಾನು ಶಾಲೆಗೆ ಇಪ್ಪತ್ತೈದು ನಿಮಿಷ ತಡವಾಗಿ ಹೋಗಿ ಹೆಡ್‌ಮಿಸ್ಸಿನ ಹತ್ತಿರ ಮುಖಕ್ಕೆ ಮಂಗಳಾರತಿ ಮಾಡಿಸಿಕೊಂಡೆ. ಆದರೆ ನನ್ನ ಗೊಣಗಾಟದಿಂದಲೇ ಈ ಗುಟ್ಟು ಹೊರಬಿದ್ದದ್ದು ಅನ್ನುವುದನ್ನು ನಾನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಮರುದಿನ ಕಾರನ್ನು ಅದರ ಚಕ್ರದ ಮೇಲೇ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹೊಸದಾಗಿ ಕೆಲಸ ಶುರು. ಡಾಕ್ಟರಮ್ಮನಿಗೆ ಬರಹೇಳಿದಳು.

"ಒಳಗೆ ಕೂತ್ಕೊಳ್ಳಿ ಮೇಡಂ. ನಿಮ್ಮ ತೂಕ ಎಷ್ಟು?"

"ಅದನ್ನ ನಾನು ನಮ್ಮ ಮನೆಯವರಿಗೂ ಹೇಳಿಲ್ಲ ಅಕ್ಕ!"

"ಹಾಗಾದ್ರೆ ಹೇಳ್ಬೇಡಿ, ಕೂತ್ಕೊಳ್ಳಿ ಸಾಕು. ಕಾರು ಓಡುವಾಗ ಹೇಗಿರುತ್ತೋ ಹಾಗೇ ಇರ್ಬೇಕು."

ಪಕ್ಕದ ಸೀಟಿಗೂ ಒಂದು ಭಾರ ಬೇಕಾಯಿತು. ಕರೆಯುವ ಮೊದಲೇ ಅಮ್ಮ ಕನ್ನಡಕ ಹಾಕಿಕೊಂಡು ಬಂದು ಕೂತಿದ್ದಳು. ಹೆಂಡತಿ ಸೊಂಟ ಬಗ್ಗಿಸಿ ನಿಂತು, ಹಿಡಿಗಳ ಕೊಂಡಿ ಸಡಿಲಿಸಿ ಕೂದಲೆಳೆಯಷ್ಟು ಹಿಂದಕ್ಕೆ ಸರಿಸುವುದು, ರಬ್ಬರಿಗೆ ಸೀಮೆಸುಣ್ಣದ ಪುಡಿ ಸವರಿ ಹಲಗೆ ಮುಚ್ಚುವುದು, ತೆಗೆದು ಎಲ್ಲಿ ಗುರುತು ಬಿದ್ದಿಲ್ಲ ನೋಡುವುದು, ಮತ್ತೆ ಸರಿಸುವುದು. ಒಂದು ಹಗಲು ಪೂರ್ತಿ. ಅಮ್ಮ ಡಾಕ್ಟರಮ್ಮನಿಗೆ ತನ್ನ ಮೂವತ್ತೆರಡು ಹಲ್ಲಿನ ಕಥೆಯನ್ನೂ ಹೇಳಿ ಮುಗಿಸಿದಳು. ಸಂಜೆಗೆ ಹನ್ನೆರಡು ಚೀಟಿಯೂ ಗಟ್ಟಿಯಾಗಿ ನಿಂತವು. ಗೋಂದಕ್ಕನಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ.

"ಬಕೆಟಲ್ಲಿ ನೀರು ತರ್ಲಾ?" ಅಂದೆ.

"ಬೇಡ. ನಮ್ಮ ನಲ್ಲಿ ನೀರಿಗೆ ಇದು ಹೆದರಲ್ಲ. ಗ್ಯಾರೇಜಲ್ಲಿ ಕಾರು ತೊಳೆಯೋ ಪಂಪಿದೆ. ಸೋರೋದಾದ್ರೆ ಅಲ್ಲೇ ಸೋರ್ಲಿ, ಮೇಸ್ತ್ರಿ ಎದುರಿಗೇ."

ಅವಳ ಧೈರ್ಯ ಕಂಡು ನನಗೆ ಭಯವಾಯಿತು.

ಅವಳು ಗ್ಯಾರೇಜಿನೊಳಗೆ ಕಾಲಿಟ್ಟಾಗ ಎಲ್ಲರ ಕೈಯಲ್ಲಿದ್ದ ಸ್ಪ್ಯಾನರುಗಳು ನಿಂತವು. ಡಾಕ್ಟರಮ್ಮ ವಿಷಯ ಹೇಳಿದರು. ಮೇಸ್ತ್ರಿ ಮೂಗು ಮುರಿದ, ಆದರೆ ಗಿರಾಕಿಯ ಎದುರು ಬೇಡ ಅನ್ನಲಾಗಲಿಲ್ಲ. "ನೀವೇ ಒಳಗೆ ಕೂತ್ಕೊಳ್ಳಿ ಮೇಸ್ತ್ರಿ," ಅಂದಳು ನನ್ನ ಹೆಂಡತಿ. ಅವನು ಆವತ್ತಿನ ಪೇಪರು ಹಿಡಿದುಕೊಂಡು ಕೂತ, ಪಕ್ಕದಲ್ಲಿ ಡಾಕ್ಟರಮ್ಮ. ಪಂಪು ಶುರುವಾಯಿತು. ಮುಂದಿನಿಂದ, ಪಕ್ಕದಿಂದ, ನೇರ ಮೇಲಿನಿಂದ ಇಪ್ಪತ್ತು ನಿಮಿಷ ಹೊಡೆದರು. ಅವಳು ಹೊರಮೂಲೆಯ ಮೇಲಿನ ಕಣ್ಣು ತೆಗೆಯಲಿಲ್ಲ.

ಪಂಪು ನಿಂತಿತು. ಮೇಸ್ತ್ರಿ ಇಳಿದ. ಪೇಪರು ಗರಿಗರಿಯಾಗಿತ್ತು. ಒಳಗೆ ಕೈ ಹಾಕಿ ಮೂಲೆಮೂಲೆ ಸವರಿ ನೋಡಿದ.

"ಒಂದು ಹನಿ ಇಲ್ಲ," ಅಂದ. ಗ್ಯಾರೇಜಿನವರು ಹೋ ಅಂದರು. ಡಾಕ್ಟರಮ್ಮ ಚಪ್ಪಾಳೆ ಹೊಡೆದರು. ಆಗ ಆ ಮನುಷ್ಯ ಮತ್ತೆ ಬಾಯಿ ಬಿಟ್ಟ: "ಈ ಸಲ ಎಳೀದೆ ಅಂಟಿಸಿದ್ದೀಯ, ನೋಡು."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ತಣ್ಣಗೆ ಹಲಗೆ ತೆಗೆದು, ಹೊಸದೊಂದು ಕಡ್ಡಿಯನ್ನು ಬಾಯಿಗೆ ಅಳತೆ ಮಾಡಿ ಬಿಗಿಯಾಗಿ ಕೂರಿಸಿದಳು.

"ಗಾಡಿ ಎತ್ತಿಸಿ ಮೇಸ್ತ್ರಿ."

ಲಿಫ್ಟು ಮೇಲೆ ಹೋಯಿತು. ಚಕ್ರಗಳು ನೆಲ ಬಿಟ್ಟು ಒಂದು ಗೇಣು ಏರಿರಲಿಲ್ಲ, ಕಡ್ಡಿ ಸಡಿಲವಾಗಿ ಸೀಟಿನ ಮೇಲೆ ಬಿತ್ತು. ಮೇಸ್ತ್ರಿ ಅದನ್ನು ಎತ್ತಿ ಮತ್ತೆ ಇಟ್ಟ. ಮತ್ತೆ ಬಿತ್ತು. ಮೂವತ್ತು ವರ್ಷ ಕಾರುಗಳ ಜೊತೆ ಬದುಕಿದವನು, ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಡ್ಡಿಯನ್ನು ಕೈಯಲ್ಲಿ ಎತ್ತಿ ಹಿಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಆವತ್ತು ಗೋಂದಕ್ಕ ರಬ್ಬರ್ ಎಳೆದಿರ್ಲಿಲ್ಲ. ಗಾಡಿ ಎತ್ತಿಸಿದವನು ನಾನು. ನನ್ನ ತಪ್ಪಿಗೆ ಅವಳ ಕೈ ಕೆಟ್ಟಿದೆ ಅಂದೆ."

ಈಗ ಶುರುವಾಗುತ್ತೆ ಬೈಗುಳ ಅಂತ ನಾನು ಕಾದೆ. ಒಂದಕ್ಷರ ಬರಲಿಲ್ಲ. ಅವಳ ಕಣ್ಣಲ್ಲಿ ದಳದಳ ನೀರು. "ನಾನೂ ಒಂದ್ಸಲ ಇಳಿಸಿ ನೋಡೋಣ ಅನ್ಬೇಕಿತ್ತು ಮೇಸ್ತ್ರಿ, ನನಗೂ ಹೊಳೀಲಿಲ್ಲ," ಅಂದಳು. ಒಂದೂವರೆ ವರ್ಷ ಅಷ್ಟೂ ಬೈಗುಳ ಕೇಳಿಸಿಕೊಂಡವನು ನಾನು ಅಂತ ಒಂದು ಗಳಿಗೆ ಸಿಟ್ಟೇ ಬಂತು. ಆದರೆ ನನ್ನ ಕಣ್ಣೂ ತುಂಬಿತ್ತು, ಏಕೆ ಮುಚ್ಚಿಡಬೇಕು? ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

"ಸೋಮವಾರದಿಂದ ಬರ್ತೀಯಾ?" ಅಂತ ಕೇಳಿದ ಮೇಸ್ತ್ರಿ.

ಅವಳು ಮೂಗು ಒರೆಸಿಕೊಂಡಳು. "ಬರ್ತೀನಿ. ಆದ್ರೆ ಟಾಪ್ ಬಿಚ್ಚೋ ಗಾಡಿ ಬಂದ್ರೆ ಲಿಫ್ಟಿನ ಸ್ವಿಚ್ಚು ನನ್ನ ಕೈಲಿರ್ಬೇಕು. ನಾನು ಹೇಳೋವರೆಗೆ ಯಾರೂ ಎತ್ತೋ ಹಾಗಿಲ್ಲ, ನೀವೂ ಸೇರಿ."

ಮೇಸ್ತ್ರಿ ಲಿಫ್ಟಿನ ಪಕ್ಕ ನಿಂತಿದ್ದವನ ಕಡೆ ತಿರುಗಿದ.

"ಆ ಕಡೆ ಸರಿಯಯ್ಯ," ಅಂದ. "ಗೋಂದಕ್ಕ ಗಾಡಿ ಇಳಿಸ್ತಾರೆ."