ಬಣ್ಣದ ಹಂಡೆಯೊಳಗೆ ಸ್ಪ್ಯಾನರ್

ನೂಲಮ್ಮನಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಆದರೆ ಆ ಹೆಸರು ಹಿಡಿದು ಕರೆದರೆ ಆಕೆಯೇ ಹಿಂದೆ ತಿರುಗಿ ಇನ್ಯಾರನ್ನೋ ಹುಡುಕುವಷ್ಟು ಅದು ಹಳತಾಗಿತ್ತು. ಉಣ್ಣೆಯ ನೂಲಿಗೆ ತಾನೇ ಬಣ್ಣ ಹಾಕಿ, ಕಿವಿಪಟ್ಟಿ, ಕೈಗವಸು, ಕತ್ತುಪಟ್ಟಿಗಳನ್ನು ಹೆಣೆಯುವುದು ಅವಳ ಕಸುಬು ಎಂದು ಬೀದಿಯವರು ಹೇಳುತ್ತಿದ್ದರು. ಇದರಲ್ಲಿ ಮುಕ್ಕಾಲು ಸುಳ್ಳು. ಅವಳು ಹೆಣೆಯುತ್ತಿದ್ದುದು ಕಿವಿಪಟ್ಟಿ ಮಾತ್ರ. ಹನ್ನೊಂದು ವರ್ಷದಿಂದ ಅದೇ ಅಳತೆ, ಅದೇ ಎರಡು ಸೀದಾ ಎರಡು ಉಲ್ಟಾ ಹೆಣಿಗೆ, ಅದೇ ಬೂದುಬಣ್ಣ. ಮಿಕ್ಕಿದ್ದೆಲ್ಲ ಚೌಕುಳಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಗೀಟುಗಳಾಗಿ ಬಂಧನದಲ್ಲಿತ್ತು.

ಈ ಸೆರೆವಾಸಕ್ಕೆ ಕಾರಣ ಹದಿನಾಲ್ಕನೇ ನಂಬರಿನ ಒಂದು ಸ್ಪ್ಯಾನರ್.

ಅವರ ಮನೆಯ ಮುಂಭಾಗದಲ್ಲಿ ಗಂಡನ ಸೈಕಲ್ ರಿಪೇರಿ ಅಂಗಡಿ, ಹಿಂಭಾಗದಲ್ಲಿ ಹೆಂಡತಿಯ ಬಣ್ಣದ ಹಂಡೆ, ನಡುವೆ ಅತ್ತೆಯ ಮಂಚ. ಒಂದು ದಿನ ಗಂಡ ಒಲೆಯ ಕಾಲು ಬಿಗಿಮಾಡಲು ಬಂದು, ತುಕ್ಕು ಹಿಡಿದ ಸ್ಪ್ಯಾನರನ್ನು ಮೇಲಿನ ಹಲಗೆಯಲ್ಲಿ ಮರೆತು ಹೋದ. ಅದು ಯಾರಿಗೂ ಹೇಳದೆ ಕೇಳದೆ ಕೆಳಗೆ ಕುದಿಯುತ್ತಿದ್ದ ದಾಳಿಂಬೆ ಸಿಪ್ಪೆಯ ನೀರಿಗೆ ಹಾರಿಕೊಂಡಿತು. ಹಳದಿಯಾಗಿ ಏಳಬೇಕಾಗಿದ್ದ ನೂಲು, ಇನ್ನೇನು ಸುರಿಯಲಿರುವ ಮೋಡದ ಬಣ್ಣದಲ್ಲಿ ಮೇಲೆ ಬಂತು. ಕಬ್ಬಿಣ ತಾಗಿದರೆ ದಾಳಿಂಬೆ ಹೀಗೆ ಮುಖ ಕಪ್ಪಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸ್ಪ್ಯಾನರ್ ಒಳಗಿದೆ ಎಂದು ಗೊತ್ತಿರಲಿಲ್ಲ, ಅಷ್ಟೇ.

ಹಾಳಾದ ನೂಲಲ್ಲವೇ ಎಂದು ಒಂದು ಕಿವಿಪಟ್ಟಿ ಹೆಣೆದಳು. ದೊಡ್ಡ ಬೀದಿಯ ಬಟ್ಟೆ ಅಂಗಡಿಯ ಅಕ್ಕ ಅದನ್ನು ತಲೆಗೇರಿಸಿ, ಕನ್ನಡಿಯ ಮುಂದೆ ನಿಂತು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಗದ್ದ ಒಳಕ್ಕೆಳೆದುಕೊಂಡು, "ಇದು ಇನ್ನೂರು ಬೇಕು" ಅಂದಳು. ಸಾಮ್ರಾಜ್ಯಗಳು ಹೀಗೇ ಹುಟ್ಟುತ್ತವೆ. ಪ್ರಜೆಗಳೂ ಹೀಗೇ ಸಿಕ್ಕಿಬೀಳುತ್ತಾರೆ.

ಅಂದಿನಿಂದ ಆ ಸ್ಪ್ಯಾನರ್ ಒಂದೇ ಒಂದು ನಟ್ಟನ್ನೂ ಮುಟ್ಟಲಿಲ್ಲ. ಗಂಡ ಅದನ್ನು ಅಂಗಡಿಯ ಮೊಳೆಗೆ ನೇತುಹಾಕಿದ. ಪಂಕ್ಚರ್ ಹಾಕಿಸಲು ಬಂದವರು ಮೊದಲು ಅದರ ಕಥೆ ಕೇಳಬೇಕು, ಆಮೇಲೆ ಪಂಕ್ಚರ್. ಬಣ್ಣ ಹಾಕುವ ದಿನ ಅವನೇ ದಾರ ಕಟ್ಟಿ, ಬಾವಿಗೆ ಕೊಡ ಇಳಿಸುವ ಗಾಂಭೀರ್ಯದಿಂದ ಹಂಡೆಗೆ ಇಳಿಸುತ್ತಿದ್ದ.

ಅತ್ತೆಯ ಪಾಲಿಗೂ ಹುದ್ದೆಯೊಂದು ಬಂದಿತ್ತು. ಎರಡೂ ಕೈಗೆ ನೂಲಿನ ಲಡಿ ತೊಡಿಸಿಕೊಂಡು ಮಂಚದ ಮೇಲೆ ಕೂರುವುದು. ಸೊಸೆ ಅದನ್ನು ಉಂಡೆ ಸುತ್ತುವುದು.

"ಹನ್ನೊಂದು ವರ್ಷದಿಂದ ಹೀಗೆ ಕೈ ಚಾಚ್ಕೊಂಡು ಕೂತಿದೀನಿ ಕಣೇ," ಎನ್ನುತ್ತಿದ್ದಳು ಅತ್ತೆ. "ಒಬ್ಬರಾದ್ರೂ ಏನಾದ್ರೂ ಹಾಕಿದ್ರಾ?"

"ನೂಲು ಹಾಕಿದೀನಲ್ಲ ಅತ್ತೆ."

"ಅದೂ ಬೂದಿ ಬಣ್ಣದ್ದು!"

ನೋಟ್‌ಬುಕ್ಕಿನ ಒಂದು ಪುಟ ಮಾತ್ರ ನೂಲಮ್ಮನ ನಿದ್ದೆ ಕೆಡಿಸುತ್ತಿತ್ತು. ಎಲೆಗಳ ಕತ್ತುಪಟ್ಟಿ ಅದು. ಹಳದಿ. ಒಂದೆಲೆ ಇನ್ನೊಂದರ ಹಾಗಿಲ್ಲ. ಗುಂಡಿಯಿಲ್ಲ, ತುದಿಯ ಎಲೆಯನ್ನು ಇನ್ನೊಂದು ಎಲೆಯ ಸೀಳಿನಲ್ಲಿ ತೂರಿಸಿದರೆ ಕತ್ತಿಗೆ ಕೂರುತ್ತದೆ. ಮೂರು ಸಲ ಅಂಗಡಿ ಅಕ್ಕನಿಗೆ ತೋರಿಸಿದ್ದಳು. ಮೂರು ಸಲವೂ ಉತ್ತರ ಒಂದೇ. "ಚೆನ್ನಾಗಿದೆ ನೂಲಮ್ಮ, ಆಮೇಲೆ ನೋಡೋಣ. ಈಗ ಬೂದು ಇನ್ನೂರು." ಇದನ್ನು ಒಮ್ಮೆಯಾದರೂ ಹೆಣೆಯದೇ ಹೋದರೆ ತಾನೂ ಒಂದು ಕಿವಿಪಟ್ಟಿಯೇ ಆಗಿಬಿಡುತ್ತೇನೆ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಹಾಗಾಗಿ ಬಣ್ಣ ಹಾಕಬೇಕಿದ್ದ ಒಂದು ಬೆಳಿಗ್ಗೆ, ಗಂಡ ಟ್ಯೂಬು ತರಲು ಹೋದಾಗ, ನೂಲಮ್ಮ ಮೊಳೆಯಿಂದ ಸ್ಪ್ಯಾನರ್ ಇಳಿಸಿದಳು. ಅದರ ಮೇಲೆ ಬೂದು ನೂಲು ಸುತ್ತಿದಳು, ಸುತ್ತಿದಳು, ತಲೆಯಷ್ಟು ದೊಡ್ಡ ಉಂಡೆಯಾಗುವ ತನಕ ಸುತ್ತಿ ಬುಟ್ಟಿಗೆ ಹಾಕಿದಳು. ನೂಲಿನ ಇನ್ನೊಂದು ತುದಿ ಅತ್ತೆಯ ಕೈಯಲ್ಲೇ ಇತ್ತು.

"ನಾನೇನೂ ನೋಡ್ಲಿಲ್ಲಪ್ಪ," ಎಂದಳು ಅತ್ತೆ. "ಕಣ್ಣಲ್ಲಿ ಪೊರೆ."

ಗಂಡ ಬಂದವನೇ ಮನೆ ಜಾಲಾಡಿದ. ಮಂಚ ಎತ್ತಿಸಿದ, ಮಂಚದ ಮೇಲಿದ್ದ ತಾಯಿಯನ್ನೂ ಎತ್ತಿಸಿದ. ಕೊನೆಗೆ ಸೋತು, ಪೇಟೆಗೆ ಓಡಿ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಹೊಸ ಸ್ಪ್ಯಾನರ್ ತಂದು ಹಂಡೆಗೆ ಇಳಿಸಿದ. ಅದರ ಮೈಗೆ ಮಿರಿಮಿರಿ ಲೇಪ, ತುಕ್ಕಿನ ಸುಳಿವೇ ಇಲ್ಲ. ನೂಲು ಅಪ್ಪಟ ಹಳದಿಯಾಗಿ ಎದ್ದಿತು.

"ಏನೇ ಇದು, ಕಾಮಾಲೆ ಬಂದ ಹಾಗಿದೆ!"

"ನಿಮ್ಮ ಹೊಸ ಸ್ಪ್ಯಾನರ್ ಪ್ರತಾಪ ರೀ."

ಆರು ದಿನದಲ್ಲಿ ಕತ್ತುಪಟ್ಟಿ ಮುಗಿಯಿತು. ಏಳನೆಯ ದಿನ ಕಿವಿಪಟ್ಟಿ ಒಯ್ಯಲು ಬಂದ ಅಂಗಡಿ ಅಕ್ಕ, ಮಂಚದ ಮೇಲೆ ಹಳದಿ ಎಲೆ ಧರಿಸಿ ಮಹಾರಾಣಿಯಂತೆ ಕುಳಿತ ಅತ್ತೆಯನ್ನು ಕಂಡಳು. ಎಲೆಯಿಂದ ಎಲೆ ಬಿಡಿಸಿ ತನ್ನ ಕತ್ತಿಗೆ ಹಾಕಿಕೊಂಡಳು. ಗೋಡೆಯ ಕನ್ನಡಿಯ ಮುಂದೆ ನಿಂತಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಗದ್ದ ಒಳಕ್ಕೆಳೆದುಕೊಂಡಳು.

ಆ ಗದ್ದದ ಗುರುತು ನೂಲಮ್ಮನಿಗೆ ಚೆನ್ನಾಗಿತ್ತು.

"ಇದು ಇನ್ನೂರು ಬೇಕು ನೂಲಮ್ಮ. ಇದೇ ಹಳದಿ, ಇದೇ ಎಲೆ. ಒಂದೆಲೆನೂ ಹೆಚ್ಚುಕಮ್ಮಿ ಆಗ್ಬಾರ್ದು."

"ಬರಲ್ಲ ಅಕ್ಕಾ. ಹಳದಿ ಹೇಗೋ ಕೈತಪ್ಪಿ ಬಂದದ್ದು."

"ಬೂದೂ ಕೈತಪ್ಪೇ ಬಂದಿದ್ದಲ್ವಾ? ಹನ್ನೊಂದು ವರ್ಷ ಬರಿಸಿದ್ರಲ್ಲ."

"ಬರತ್ತೆ ಅಕ್ಕಾ, ಯಾಕ್ ಬರಲ್ಲ!" ಎಂದು ಗಂಡ ಆಗಲೇ ದಾರ ಹುಡುಕುತ್ತಿದ್ದ. "ಹಳದಿ ಸ್ಪ್ಯಾನರ್ ನಮ್ಮತ್ರಾನೇ ಇದೆ!"

ಹಂಡೆಯಲ್ಲಿ ಹೊಸ ನೂಲು ಹಳದಿಯಾಗಿ ಕುದಿಯುತ್ತಿತ್ತು. ನೂಲಮ್ಮ ಅದನ್ನೊಮ್ಮೆ ನೋಡಿದಳು. ಬುಟ್ಟಿಯಿಂದ ದೊಡ್ಡ ಉಂಡೆ ಎತ್ತಿ, ಕತ್ತರಿಯಿಂದ ಸೀಳಿ, ಒಳಗಿದ್ದ ತುಕ್ಕಿನ ದೊರೆಯನ್ನು ಎಲ್ಲರ ಎದುರೇ ಹಂಡೆಗೆ ಬಿಟ್ಟಳು.

ಟಣ್.

"ಸಿಕ್ತು ರೀ. ಇಲ್ಲೇ ಇತ್ತು."

ನೋಡನೋಡುತ್ತಿದ್ದಂತೆ ನೂಲಿಗೆ ಮೋಡ ಕವಿಯಿತು. ಅಂಗಡಿ ಅಕ್ಕ ನಿಟ್ಟುಸಿರುಬಿಟ್ಟು, "ಸರಿ, ಬೂದೇ ಇನ್ನೂರು. ಇದೊಂದನ್ನಾದ್ರೂ ಕೊಡಿ," ಎಂದು ಕತ್ತುಪಟ್ಟಿ ಹಿಡಿದುಕೊಂಡಳು.

"ಅದು ಅತ್ತೇದು."

ಅತ್ತೆ ಅದನ್ನು ಫಕ್ಕನೆ ಕಸಿದು, ಕತ್ತಿಗೇರಿಸಿ, ಎಲೆಯೊಳಗೆ ಎಲೆ ತೂರಿಸಿದಳು. "ಇನ್ನು ಬಿಚ್ಚಕ್ಕೆ ಬರಲ್ಲ ಕಣಮ್ಮ. ಸಿಕ್ಕಾಕ್ಕೊಂಡಿದೆ."

ಸಂಜೆಯೊಳಗೆ ಗಂಡ ಹಳೆಯ ಸ್ಪ್ಯಾನರನ್ನು ಮೊಳೆಗೆ ಹಾಕಿ, ಮತ್ತೆ ಕಳೆಯಬಾರದೆಂದು ಸರಪಳಿ ಸುತ್ತಿ ಸೈಕಲ್ ಬೀಗ ಜಡಿದ. ನೂಲಮ್ಮ ಒಣಗಿದ ಬೂದು ಲಡಿ ತಂದಳು. ಅತ್ತೆ ಹಳದಿ ಎಲೆಗಳ ನಡುವಿನಿಂದ ಗದ್ದ ಎತ್ತಿ, ಎರಡೂ ಕೈ ಚಾಚಿದಳು.

"ಹಾಕು," ಎಂದಳು.