ಡೆಲ್ಮರ್ ಹೇಳಿದ ಜಾಗ

ಕೇನಿ ಕೆರೆಯ ದಂಡೆಯಲ್ಲಿ ಡೆಲ್ಮರ್ ಪ್ರೂಯಿಟ್‌ನಷ್ಟು ಸೊಗಸಾಗಿ ಸುಳ್ಳು ಹೇಳುವವನು ಇನ್ನೊಬ್ಬನಿರಲಿಲ್ಲ. ಹಾಗೆಂದು ಅವನನ್ನು ಸುಳ್ಳುಗಾರ ಅನ್ನುವಂತಿಲ್ಲ. ಹೆಂಡತಿ ಒಪಾಲ್‌ಗೆ ಸುಳ್ಳು ಹೇಳಿದವನಲ್ಲ, ನಲವತ್ತು ವರ್ಷ ದುಡಿದ ಮರದ ಮಿಲ್ಲಿನಲ್ಲಿ ಒಂದು ಹಲಗೆಯ ಅಳತೆಯನ್ನೂ ಹೆಚ್ಚುಕಮ್ಮಿ ಹೇಳಿದವನಲ್ಲ. ಅವನ ಸುಳ್ಳೆಲ್ಲ ಒಂದೇ ಪ್ರಶ್ನೆಗೆ ಮೀಸಲಾಗಿತ್ತು: ಮೀನು ಎಲ್ಲಿ ಸಿಕ್ಕಿತು?

ನ್ಯಾಯವಾಗಿ ಹೇಳಬೇಕೆಂದರೆ, ಟೆನೆಸ್ಸಿಯ ಆ ಮೂಲೆಯಲ್ಲಿ ಈ ಪ್ರಶ್ನೆಗೆ ನಿಜ ಹೇಳುವ ಪ್ರಾಣಿ ಒಂದೂ ಇಲ್ಲ. ಎರೆಹುಳು, ಮರಿಮೀನು ಮಾರುವ ಅಂಗಡಿಯಲ್ಲಿ ಒಲೆಯ ಸುತ್ತ ಕೂತಾಗ ಒಬ್ಬ "ಎಲ್ಲಿ ಸಿಕ್ತೋ?" ಅಂದರೆ ಇನ್ನೊಬ್ಬ "ಗಾಳ ಚುಚ್ಚಿದ ತುಟೀಲಿ, ಇನ್ನೆಲ್ಲಿ" ಅನ್ನಬೇಕು. ಬಿಡದೆ ಮತ್ತೆ ಕೇಳಿದರೆ ಮೀನೇ ಇಲ್ಲದ ಯಾವುದಾದರೂ ಮೂಲೆಯ ಹೆಸರನ್ನು ಮುಖ ಗಂಭೀರ ಮಾಡಿಕೊಂಡು ಹೇಳಬೇಕು. ಕೇಳಿದವನು ಅಷ್ಟೇ ಗಂಭೀರವಾಗಿ ತಲೆಯಾಡಿಸಿ, ಆ ಕಡೆ ತಲೆ ಹಾಕಿಯೂ ಮಲಗಬಾರದು. ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಅದು ಅಲ್ಲಿನ ಮರ್ಯಾದೆ.

ಡೆಲ್ಮರ್‌ಗೆ ಮುಚ್ಚಿಡಲು ಆಸ್ತಿಯೂ ಇತ್ತು. ಕ್ರಿಸ್‌ಮಸ್ ಮುಗಿದ ಮೇಲೆ ಜನ ಮನೆ ಮುಂದೆ ಎಸೆದ ಮರಗಳನ್ನು ಹಳೇ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಬಂದು, ಬುಡಕ್ಕೆ ಸಿಮೆಂಟ್ ಇಟ್ಟಿಗೆ ಕಟ್ಟಿ, ಆಳದ ನೀರಿನಲ್ಲಿ ಮುಳುಗಿಸುತ್ತಿದ್ದ. ಮೂವತ್ತೊಂದು ವರ್ಷ ಹಾಗೆ ಮಾಡಿದ್ದ. ಚಳಿ ಬಿದ್ದರೆ ಸಾಕು, ಅಂಗೈಯಗಲದ ಕ್ರಾಪಿ ಮೀನುಗಳು ಆ ಕೊಂಬೆಗಳೊಳಗೆ ಸಂತೆ ನೆರೆದಂತೆ ನೆರೆಯುತ್ತಿದ್ದವು. ಅವುಗಳ ಮರಿಗಳನ್ನು ನುಂಗಲು ದೊಡ್ಡ ಬ್ಯಾಸ್ ಮೀನುಗಳು ಸುತ್ತಲೂ ಹೊಂಚು ಹಾಕುತ್ತಿದ್ದವು. ಯಾವ ಮರ ಎಲ್ಲಿ ಮುಳುಗಿದೆ ಎನ್ನುವುದು ಡೆಲ್ಮರ್‌ನ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಬರೆದಿರಲಿಲ್ಲ.

"ನೀನು ಸತ್ರೆ ನಾನು ಮೀನು ಎಲ್ಲಿಂದ ತರ್ಲಿ?" ಎಂದು ಒಪಾಲ್ ಒಮ್ಮೆ ಕೇಳಿದ್ದಳು.

"ಅಂಗಡೀಲಿ ಸಿಗುತ್ತೆ ತಗೋ."

ಪಕ್ಕದ ಮನೆಗೆ ವೆಂಡೆಲ್ ಹೋಲ್ಕಮ್ ಬಂದದ್ದು ಬೇಸಿಗೆಯಲ್ಲಿ. ಒಹಾಯೊದಲ್ಲಿ ಅವನ ಟೈರ್ ಕಾರ್ಖಾನೆ ಮುಚ್ಚಿತ್ತು. ಇಲ್ಲಿ ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದ. ಬಂದಿದ್ದೇ ಕೆರೆಯ ಆಸೆಗೆ. ಮಿರಮಿರ ಮಿಂಚುವ ಬ್ಯಾಸ್ ದೋಣಿ ತಂದ, ಅದಕ್ಕೆ ನೂರೈವತ್ತು ಕುದುರೆಶಕ್ತಿಯ ಇಂಜಿನ್ನು. ಅದನ್ನು ನೋಡಿ ಅಂಗಡಿಯವರೆಲ್ಲ ಮೂಗು ಮುರಿದರು. ಆದರೆ ಮನುಷ್ಯ ಬಂಗಾರದಂಥವನು. ಡೆಲ್ಮರ್‌ಗೆ ಸೊಂಟ ಹಿಡಿದ ಎರಡು ವಾರ ಅವರ ಮನೆಯ ಸೌದೆಯನ್ನೆಲ್ಲ ಅವನೇ ಒಡೆದುಕೊಟ್ಟ. ಹಿರಿಯರನ್ನು ಇಲ್ಲಿ ಹೇಗೆ ಕರೆಯುತ್ತಾರೆಂದು ಬೇಗ ಕಲಿತು "ಮಿಸ್ಟರ್ ಡೆಲ್ಮರ್", "ಮಿಸ್ ಒಪಾಲ್" ಎನ್ನುತ್ತಿದ್ದ. ಅದನ್ನು ಕಲಿತ, ಇನ್ನೊಂದನ್ನು ಕಲಿಯಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಡೆಲ್ಮರ್ ಬಕೆಟ್ ತುಂಬ ಕ್ರಾಪಿ ಹಿಡಿದುಕೊಂಡು ಬರುತ್ತಿದ್ದಾಗ ವೆಂಡೆಲ್ ಬೇಲಿಯ ಹತ್ತಿರ ನಿಂತಿದ್ದ. ಮೂರು ವಾರದಿಂದ ಅವನಿಗೆ ಒಂದು ಮೀನೂ ಬಿದ್ದಿರಲಿಲ್ಲ.

"ಎಲ್ಲಿ ಸಿಕ್ತು, ಮಿಸ್ಟರ್ ಡೆಲ್ಮರ್?"

"ತುಟೀಲಿ."

ವೆಂಡೆಲ್ ನಕ್ಕ. ಆದರೆ ಅಲ್ಲಿಂದ ಕದಲಲಿಲ್ಲ. "ತಮಾಷೆ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ. ಕೆರೆ ಪಕ್ಕ ಮನೆ ಮಾಡಿ ಅಂಗಡಿ ಮೀನು ತಿನ್ನೋರು ನಾವೊಬ್ರೇ ಅಂತ ಲೋರೀನ್ ಆಡ್ಕೋತಾಳೆ. ಒಂದೇ ಒಂದು ದಿನ ಅವಳಿಗೆ ಹುರಿದು ಹಾಕಬೇಕು."

ನಿಜ ಆಗ ಡೆಲ್ಮರ್‌ನ ನಾಲಿಗೆಯ ತುದಿಗೇ ಬಂದಿತ್ತು. ಹೇಳಿಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಮೂವತ್ತೊಂದು ವರ್ಷದ ಚಾಳಿ, ಬಿಡಲಿಲ್ಲ.

"ಮ್ಯಾಡಕ್ಸ್ ಹೊಲ ಮುಳುಗಿದ ಕಡೆ ಗೊತ್ತಲ್ಲ? ಊರಿನ ನೀರಿನ ಟ್ಯಾಂಕು ಚರ್ಚಿನ ಗೋಪುರದ ಹಿಂದೆ ಮರೆಯಾಗ್ಬೇಕು. ಅಲ್ಲಿ ದೋಣಿ ನಿಲ್ಸು. ಬೆಳಕು ಹರಿಯೋ ಹೊತ್ತಿಗೆ ಹೋಗು, ಆಮೇಲೆ ಹೋದ್ರೆ ಸಿಗಲ್ಲ."

ಮ್ಯಾಡಕ್ಸ್ ಹೊಲದಲ್ಲಿ ಚಳಿಗಾಲಕ್ಕೆ ಕಪ್ಪೆಯೂ ಇರುವುದಿಲ್ಲ. ಅಣೆಕಟ್ಟು ಕಟ್ಟುವ ಮುಂಚೆ ಅಲ್ಲಿನ ಓಕ್ ಮರಗಳನ್ನು ಕಡಿದು ಬುಡಗಳನ್ನು ಹಾಗೇ ಬಿಟ್ಟಿದ್ದರು. ಡೆಲ್ಮರ್‌ನ ಲೆಕ್ಕಾಚಾರ ಇಷ್ಟೇ: ಹುಡುಗ ಸಂಜೆ ಅಂಗಡಿಯಲ್ಲಿ ಬಾಯಿ ಬಿಡುತ್ತಾನೆ, ಒಲೆಯ ಸುತ್ತ ಕೂತವರು ಬಿದ್ದು ಬಿದ್ದು ನಗುತ್ತಾರೆ, ಒಬ್ಬರಾದರೂ ಬೆನ್ನು ತಟ್ಟಿ ವಿಷಯ ತಿಳಿಸುತ್ತಾರೆ. ಆ ಊರಿನಲ್ಲಿ ಎಲ್ಲರೂ ಕಲಿತದ್ದು ಹಾಗೆಯೇ. ಡೆಲ್ಮರ್ ಕೂಡ ಹದಿನಾರರ ವಯಸ್ಸಿನಲ್ಲಿ ಹಾಗೆಯೇ ಕಲಿತಿದ್ದ.

ವೆಂಡೆಲ್ ಬಾಯಿ ಬಿಡಲಿಲ್ಲ. ದೊಡ್ಡವರು ನಂಬಿ ಕೊಟ್ಟ ಗುಟ್ಟು ಎಂದು ಎದೆಯೊಳಗೆ ಇಟ್ಟುಕೊಂಡ. ಇದಕ್ಕೇನು ಹೇಳುವುದು!

ಆ ವಾರದ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನ ಹೆಂಡತಿ ಲೋರೀನ್ ಕೋಟನ್ನೂ ಹಾಕಿಕೊಳ್ಳದೆ ಡೆಲ್ಮರ್‌ನ ಅಡುಗೆಮನೆಗೆ ಬಂದಳು.

"ಎಂಟಕ್ಕೆ ತಿಂಡಿಗೆ ಬರ್ತೀನಿ ಅಂದೋರು ಇನ್ನೂ ಬಂದಿಲ್ಲ. ಎಲ್ಲಿಗೆ ಅಂದ್ರೆ ನನಗೂ ಹೇಳ್ಲಿಲ್ಲ. ಅದು ಮಿಸ್ಟರ್ ಡೆಲ್ಮರ್ ಗುಟ್ಟು, ಹೇಳೋ ಹಾಗಿಲ್ಲ ಅಂದ್ರು. ನಿಮಗೆ ಗೊತ್ತಿರುತ್ತಲ್ಲ?"

ಡೆಲ್ಮರ್ ತಟ್ಟನೆ ಎದ್ದು ಫೋನಿಗೆ ಕೈ ಹಾಕಿದ. ಪ್ರತಿ ವರ್ಷದಂತೆ ಹಿಂದಿನ ರಾತ್ರಿ ಅಣೆಕಟ್ಟಿನ ಬಾಗಿಲು ತೆಗೆದು ಕೆರೆಯನ್ನು ನಾಲ್ಕು ಅಡಿ ಇಳಿಸಿದ್ದರು. ಮ್ಯಾಡಕ್ಸ್ ಹೊಲದ ಬುಡಗಳೀಗ ನೀರಿನ ಮೇಲೆ ಕಾಣುವುದಿಲ್ಲ, ಆಳದಲ್ಲೂ ಇರುವುದಿಲ್ಲ. ಸರಿಯಾಗಿ ದೋಣಿಯ ಹೊಟ್ಟೆಗೆ ತಗಲುವಷ್ಟು ಕೆಳಗೆ ಇರುತ್ತವೆ. ಊರಿನ ಮಕ್ಕಳಿಗೂ ಗೊತ್ತಿರುವ ಸಂಗತಿ ಅದು.

ರಕ್ಷಣಾ ದಳದ ಮುಖಂಡ ಡಾಯ್ಲ್ ಗೆಳೆಯನೇ. ಡೆಲ್ಮರ್ ಫೋನಿನಲ್ಲಿ "ಮ್ಯಾಡಕ್ಸ್ ಹೊಲಕ್ಕೆ ಹೋಗಿದಾನೆ, ಅಲ್ಲಿ ಹುಡುಕಿ" ಅಂದ. "ಆಯ್ತು ಆಯ್ತು" ಎಂದು ಡಾಯ್ಲ್ ಫೋನಿಟ್ಟ. ಡೆಲ್ಮರ್ ತನ್ನ ಸಣ್ಣ ತಗಡಿನ ದೋಣಿಯನ್ನು ಗಾಡಿಗೆ ಕಟ್ಟಿಕೊಂಡು ದಂಡೆಗೆ ಬಂದು ನೋಡಿದರೆ ದಳದ ಆರು ದೋಣಿಗಳೂ ಎದುರು ದಿಕ್ಕಿಗೆ, ಅಣೆಕಟ್ಟಿನ ಆಳದ ಕಡೆಗೆ ಹೋಗುತ್ತಿವೆ.

"ಮ್ಯಾಡಕ್ಸ್ ಅಂದೆನಲ್ಲೋ!"

"ಡೆಲ್ಮರ್, ನಿನ್ನ ಮರಗಳ್ನ ಯಾರೂ ಹೊತ್ಕೊಂಡು ಹೋಗಲ್ಲ ಮಾರಾಯ," ಎಂದ ದಂಡೆಯಲ್ಲೇ ನಿಂತಿದ್ದ ಡಾಯ್ಲ್. "ಒಬ್ಬನ ಜೀವದ ಪ್ರಶ್ನೆ. ಇವತ್ತೊಂದಿನ ನಿಜ ಹೇಳು."

"ನಿಜಾನೇ ಹೇಳ್ತಿದೀನಿ."

"ಜನವರೀಲಿ ಮ್ಯಾಡಕ್ಸ್ ಹೊಲಕ್ಕೆ ಯಾವನು ಹೋಗ್ತಾನೆ?"

"ನಾನು ಕಳಿಸಿದೋನು ಹೋಗ್ತಾನೆ."

ಡಾಯ್ಲ್ ಅವನ ಮುಖ ನೋಡಿದ. ಡೆಲ್ಮರ್‌ನ ತಗಡಿನ ದೋಣಿಗೇ ಹತ್ತಿದ. ಬುಡಗಳ ನಡುವೆ ದೊಡ್ಡ ಇಂಜಿನ್ನಿನ ದೋಣಿ ನುಗ್ಗಿಸುವಂತಿರಲಿಲ್ಲ, ಚಿಕ್ಕದನ್ನೂ ಆಮೆಯ ಹಾಗೆ ನಡೆಸಬೇಕಿತ್ತು. ಡಾಯ್ಲ್ ಮುಂದೆ ಕೂತು ಹುಟ್ಟಿನಿಂದ ನೀರು ತಡಕುತ್ತ ಎಡಕ್ಕೆ, ಬಲಕ್ಕೆ ಎನ್ನುತ್ತಿದ್ದ. ಡೆಲ್ಮರ್ ದೇವರೇ ದೇವರೇ ಎಂದುಕೊಳ್ಳುತ್ತ ಇಂಜಿನ್ ಹಿಡಿದಿದ್ದ.

ಹೊಸ ದೋಣಿ ಒಂದು ಬುಡದ ಮೇಲೆ ಹತ್ತಿ ವಾಲಿಕೊಂಡಿತ್ತು. ಇಂಜಿನ್ ಕಿತ್ತುಹೋಗಿತ್ತು. ಇಪ್ಪತ್ತು ಮಾರು ಆಚೆ, ಹೊಡೆತಕ್ಕೆ ನೀರಿಗೆ ಬಿದ್ದಿದ್ದ ವೆಂಡೆಲ್ ಇನ್ನೊಂದು ಬುಡವನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಕೈಸೋತರೆ ಜಾರಿಬಿಡುತ್ತೇನೆಂದು ಸೊಂಟದ ಬೆಲ್ಟ್ ಬಿಚ್ಚಿ ತನ್ನನ್ನು ಅದಕ್ಕೇ ಕಟ್ಟಿಕೊಂಡಿದ್ದ. ಎದೆಯವರೆಗೆ ನೀರು. ಕೂದಲು ಮಂಜುಗಟ್ಟಿತ್ತು. ಡಾಯ್ಲ್ ಕುತ್ತಿಗೆ ಮುಟ್ಟಿ ನೋಡಿ ಕೈ ಹಿಂದೆಗೆದ. ಹತ್ತೂವರೆಯವರೆಗೂ ಜೀವ ಇದ್ದಿರಬಹುದು ಎಂದು ಆಮೇಲೆ ಡಾಕ್ಟರು ಹೇಳಿದರು. ಇವರು ಮುಟ್ಟಿದಾಗ ಹನ್ನೊಂದೂಕಾಲು.

ಡೆಲ್ಮರ್ ತಲೆಯೆತ್ತಿದ. ಚರ್ಚಿನ ಗೋಪುರ ಕಂಡಿತು. ನೀರಿನ ಟ್ಯಾಂಕು ಅದರ ಹಿಂದೆ ಪೂರ್ತಿ ಮರೆಯಾಗಿತ್ತು.

ಬೆಲ್ಟ್ ಬಿಚ್ಚಲು ಇಬ್ಬರೂ ಒದ್ದಾಡಬೇಕಾಯಿತು. ಹಿಂದಿರುಗುವಾಗ ಡಾಯ್ಲ್, "ಅವಳಿಗೆ ಇದನ್ನ ಹೇಳ್ಬೇಡ," ಅಂದ. "ನೀನು ನಿನ್ನ ಜಾಗಾನೇ ತೋರಿಸಿದ್ದೆ ಅಂದ್ಕೊಂಡಿರ್ಲಿ. ಅಂಗಡೀಲೂ ನಾನು ಬಾಯಿ ಬಿಡಲ್ಲ. ಒಂದು ಸುಳ್ಳು ಅಷ್ಟೇ, ಹೇಳಿದ್ದಾಯ್ತು, ಇನ್ನೊಂದು ಹೇಳೋದೇನೂ ಬೇಡ, ಸುಮ್ನಿದ್ರೆ ಸಾಕು."

ವೆಂಡೆಲ್‌ನ ಮಣ್ಣಾದ ಮಾರನೆಯ ದಿನ ಡೆಲ್ಮರ್ ಒಪಾಲ್ ಮಾಡಿದ ಕೋಳಿಯ ಖಾದ್ಯದ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋದ. ಸಾವಿನ ಮನೆಯ ಮೇಜಿನ ತುಂಬ ಊರವರು ಸಂತಾಪಕ್ಕೆ ತಂದಿಟ್ಟ ಊಟದ ತಟ್ಟೆಗಳು. ಒಂದನ್ನೂ ಮುಟ್ಟಿದಂತಿರಲಿಲ್ಲ. ಲೋರೀನ್ ಅವನಿಗೆ ಕುರ್ಚಿ ಎಳೆದು ಕೊಟ್ಟಳು.

"ಗುರುವಾರ, ಶುಕ್ರವಾರಾನೂ ಹೋಗಿದ್ರು," ಎಂದಳು. "ಎರಡೂ ದಿನ ಒಂದು ಮೀನೂ ಇಲ್ಲ. 'ಜಾಗದ್ದೇನೂ ತಪ್ಪಿಲ್ಲ, ಮಿಸ್ಟರ್ ಡೆಲ್ಮರ್ ಬೆಳಕು ಹರಿಯೋ ಹೊತ್ತಿಗೆ ಅಂದಿದ್ರು, ನಾನೇ ತಡ ಮಾಡ್ದೆ' ಅಂದ್ರು. ಅದಕ್ಕೇ ಶನಿವಾರ ಕತ್ತಲಲ್ಲೇ ಎದ್ದು ಜೋರಾಗಿ ಓಡಿಸ್ಕೊಂಡು ಹೋದ್ರು." ಅವಳು ಕಣ್ಣೊರೆಸಿಕೊಂಡಳು. "ನೀವು ಗುಟ್ಟು ಕೊಟ್ಟಿದ್ದಕ್ಕೆ ಎಷ್ಟು ಖುಷಿಯಾಗಿದ್ರು ಗೊತ್ತಾ? ಈ ಊರು ನಮ್ಮನ್ನ ಒಪ್ಕೊಳ್ತು ಲೋರೀನ್, ಅಂದ್ರು."

ಸುಮ್ಮನಿರಬಹುದಿತ್ತು. ಅವಳಿಗೂ ಅಷ್ಟು ಸಮಾಧಾನ ಉಳಿಯುತ್ತಿತ್ತು, ಇವನಿಗೂ ಈ ದಂಡೆಯಲ್ಲಿ ತಲೆಯೆತ್ತಿ ಓಡಾಡಬಹುದಿತ್ತು. ಡೆಲ್ಮರ್ ಬಾಗಿಲ ಕಡೆ ನೋಡಿದ. ಎದ್ದು ಹೋಗಿಬಿಡೋಣ ಅನ್ನಿಸಿತು. ಆಗ ಅವಳು ಕೇಳಿದಳು.

"ಎಲ್ಲಿ ಸಿಕ್ರು ಅಂತ ಯಾರೂ ಸರಿಯಾಗಿ ಹೇಳ್ತಿಲ್ಲ. ನೀವೇ ತಾನೇ ಕರ್ಕೊಂಡು ಬಂದಿದ್ದು. ಎಲ್ಲಿ ಸಿಕ್ರು?"

ಬದುಕಿಡೀ ಸುಳ್ಳೇ ಉತ್ತರ ಕೊಟ್ಟ ಪ್ರಶ್ನೆ.

"ನಾನು ಹೇಳಿದ್ದ ಕಡೇನೇ ಸಿಕ್ಕ. ಒಂದು ಮಾರೂ ಆಚೀಚೆ ಇರ್ಲಿಲ್ಲ. ಆದ್ರೆ ಅದು ನನ್ನ ಜಾಗ ಅಲ್ಲಮ್ಮ. ಅಲ್ಲಿ ಮೀನಿಲ್ಲ. ಯಾವತ್ತೂ ಇರ್ಲಿಲ್ಲ."

ಲೋರೀನ್ ಅವನ ಕಡೆ ತಿರುಗಿದಳು.

"ಮತ್ಯಾಕೆ ಹೇಳಿದ್ರಿ?"

"ಇಲ್ಲಿ ಎಲ್ರೂ ಹಾಗೇ ಹೇಳೋದು. ಹೇಳಿದ್ದನ್ನ ಯಾರೂ ನಂಬಲ್ಲ. ಎಲ್ರಿಗೂ ಗೊತ್ತು."

ಬೈಯುತ್ತಾಳೆ, ತಟ್ಟೆ ಎತ್ತಿ ಎಸೆಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ. ಮೇಜಿನ ಮೇಲಿದ್ದ ತಟ್ಟೆಗಳನ್ನೆಲ್ಲ ಒಮ್ಮೆ ನೋಡಿದಳು.

"ನಮಗ್ಯಾರೂ ಹೇಳ್ಲಿಲ್ವಲ್ಲ, ಮಿಸ್ಟರ್ ಡೆಲ್ಮರ್," ಎಂದಳು.

ಅವಳು ಎದ್ದು ಒಪಾಲ್‌ಳ ತಟ್ಟೆಯನ್ನು ತೆಗೆದು ಅವನ ಕೈಗೆ ವಾಪಸು ಕೊಟ್ಟಳು. ಅದಿನ್ನೂ ಬೆಚ್ಚಗಿತ್ತು.